ಕಾಡು ಟುಲಿಪ್ ಬೆಳೆಸುವುದು, ಗುರುತು ಹಿಡಿಯುವುದು

ಕಾಡು ಟುಲಿಪ್ ಗೆಡ್ಡೆ ಕೊಳ್ಳಲು ಸೆಪ್ಟೆಂಬರ್ ಸರಿ, ನೆಡಲು ನವೆಂಬರ್ ಸರಿ. ಇಂಗ್ಲೆಂಡ್, ಜರ್ಮನಿ, ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ಹೀಗೆ ಚಳಿ ಗಟ್ಟಿಯಾಗಿ ಬೀಳುವ ಕಡೆ ಇರುವ ನಮ್ಮವರು ಬಹಳ ಜನ ಹಿತ್ತಲಲ್ಲಿ ಟುಲಿಪ್ ಹಾಕುತ್ತಾರೆ. ಆದರೆ ಹಾಕುವುದು ಸೂಪರ್ ಮಾರ್ಕೆಟ್ಟಿನಲ್ಲಿ ಬಲೆ ಚೀಲದಲ್ಲಿ ಸಿಗುವ ದೊಡ್ಡ ಹೂವಿನ ತಳಿಗಳನ್ನೇ. ಮೊದಲ ವರ್ಷ ಭರ್ಜರಿ ಹೂವು. ಎರಡನೇ ವರ್ಷ ಕಡಿಮೆ. ಮೂರನೇ ವರ್ಷ ಎಷ್ಟೋ ಸಲ ಬರೀ ಎಲೆ. ಕಾಡು ಜಾತಿಗಳನ್ನು ಸರಿಯಾದ ಜಾಗದಲ್ಲಿ ಒಮ್ಮೆ ಹೂತಿಟ್ಟರೆ ವರ್ಷ ವರ್ಷ ತಾವೇ ಬರುತ್ತವೆ, ಗುಂಪು ದೊಡ್ಡದಾಗುತ್ತಾ ಹೋಗುತ್ತದೆ. ಹೂವು ಚಿಕ್ಕದು ನಿಜ, ಎಷ್ಟೋ ಜಾತಿ ಒಂದು ಗೇಣು ಕೂಡ ಬೆಳೆಯುವುದಿಲ್ಲ. ಆದರೆ ಮಂಡಿಯೂರಿ ಕೂತು ಹತ್ತಿರದಿಂದ ನೋಡಿ, ಆ ಚೆಂದ ದೊಡ್ಡ ತಳಿಗಳಲ್ಲಿ ಕಳೆದುಹೋಗಿದೆ ಅಂತ ನನಗನ್ನಿಸುತ್ತದೆ.

ಬೆಳೆಸುವುದಕ್ಕಿಂತ ಗುರುತು ಹಿಡಿಯುವುದೇ ಕಷ್ಟದ ಕೆಲಸ. ಅಂಗಡಿಯ ಚೀಟಿಯಲ್ಲಿ ಒಂದು ಹೆಸರು, ಅರಳಿದ್ದು ಇನ್ನೊಂದು, ಇದು ಕಾಡು ಟುಲಿಪ್ ವ್ಯಾಪಾರದಲ್ಲಿ ಮಾಮೂಲು. ಬಣ್ಣ ನೋಡಿ ಹೆಸರು ಹೇಳಲು ಹೋದರೆ ಎಡವುತ್ತೀರಿ. ನೋಡಬೇಕಾದ್ದು ಬೇರೆ ಇದೆ, ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲು ಅದರ ತವರು ತಿಳಿದುಕೊಳ್ಳಿ

ಟುಲಿಪ್‌ನಲ್ಲಿ ಸುಮಾರು 75ರಿಂದ 100 ಕಾಡು ಜಾತಿಗಳಿವೆ. ಎಣಿಸುವವರ ಲೆಕ್ಕಕ್ಕೆ ತಕ್ಕಂತೆ ಸಂಖ್ಯೆ ಹೆಚ್ಚು ಕಡಿಮೆ ಆಗುತ್ತದೆ. ಸ್ಪೇನ್, ಮೊರಾಕ್ಕೊ ಕಡೆಯಿಂದ ಹಿಡಿದು ಟರ್ಕಿ, ಇರಾನ್ ದಾಟಿ ಪಶ್ಚಿಮ ಚೀನಾದವರೆಗೂ ಇವು ಹರಡಿವೆ. ದಟ್ಟವಾಗಿರುವುದು ಮಧ್ಯ ಏಷ್ಯಾದ ತಿಯೆನ್ ಶಾನ್ ಮತ್ತು ಪಾಮಿರ್ ಬೆಟ್ಟಗಳಲ್ಲಿ, ಅಂದರೆ ಕಜಕಿಸ್ತಾನ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನ ಸೀಮೆಯಲ್ಲಿ. ಅಲ್ಲಿ ಚಳಿಗಾಲ ಪೂರ್ತಿ ಹಿಮ. ಹಿಮ ಕರಗಿದ ಮೇಲೆ ಕೆಲವೇ ವಾರ ಒದ್ದೆ ನೆಲ, ಆ ಗಡುವಿನೊಳಗೆ ಎಲೆ, ಹೂವು, ಬೀಜ ಎಲ್ಲವೂ ಮುಗಿಯಬೇಕು. ಆಮೇಲೆ ಬೇಸಿಗೆ. ಕಲ್ಲು ನೆಲ ಕಾದು ಒಣಗಿ ನಿಲ್ಲುತ್ತದೆ, ಗೆಡ್ಡೆ ಒಳಗೆ ಮಲಗಿರುತ್ತದೆ.

ನಿಮ್ಮ ತೋಟದಲ್ಲಿ ಮಾಡಬೇಕಾದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಚಳಿಯಲ್ಲಿ ತಂಪು, ಚಿಗುರುವಾಗ ನೀರು ಮತ್ತು ಬಿಸಿಲು, ಬೇಸಿಗೆಯಲ್ಲಿ ಒಣ ನೆಲ. ಮೂರನೆಯದರಲ್ಲೇ ಹೆಚ್ಚಿನವರು ಸೋಲುತ್ತಾರೆ, ಯಾಕಂದ್ರೆ ಜೂನ್–ಜುಲೈನಲ್ಲಿ ಪಕ್ಕದ ಗಿಡಗಳಿಗೆ ಪೈಪ್ ಹಿಡಿದಾಗ ಮಲಗಿರುವ ಟುಲಿಪ್‌ಗೂ ನೀರು ಹೋಗುತ್ತದೆ, ಅದು ಕೊಳೆಯುತ್ತದೆ.

ನಮ್ಮ ದೇಶದಲ್ಲೂ ಕಾಡು ಟುಲಿಪ್ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಟುಲಿಪಾ ಕ್ಲೂಸಿಯಾನಾ ಇರಾನ್, ಅಫ್ಘಾನಿಸ್ತಾನದಿಂದ ಕಾಶ್ಮೀರ, ಉತ್ತರಾಖಂಡದ ಕುಮಾವೂಂವರೆಗೆ ಸಿಗುತ್ತದೆ. ಕಾಶ್ಮೀರದ ಜನ ಮನೆಯ ಮಾಡಿನ ಮೇಲೆ ಮಣ್ಣು ಹಾಕಿ ಟುಲಿಪ್ ಗೆಡ್ಡೆ ನೆಡುತ್ತಿದ್ದರು, ಪ್ರತಿ ವರ್ಷ ಅವು ಅರಳುತ್ತಿದ್ದವು ಅಂತ ಮೊಘಲ್ ಬಾದಶಹ ಜಹಾಂಗೀರ್ ಬರೆದಿಟ್ಟಿದ್ದಾನೆ. ಯೋಚಿಸಿ ನೋಡಿದರೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಚಳಿಯಲ್ಲಿ ಹಿಮದ ಹೊದಿಕೆ, ಮಳೆ ಬಂದರೆ ನೀರು ಇಳಿದು ಹೋಗುತ್ತದೆ, ಬೇಸಿಗೆಯಲ್ಲಿ ಕಾಯ್ದ ತೆಳು ಮಣ್ಣು. ಶ್ರೀನಗರದ ದೊಡ್ಡ ಟುಲಿಪ್ ತೋಟ ನೋಡಲು ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ, ಆದರೆ ಅಲ್ಲಿ ಸಾಲು ಸಾಲಾಗಿ ಕಾಣುವುದು ಹೆಚ್ಚಾಗಿ ಡಚ್ ಮಿಶ್ರತಳಿಗಳು.

ಬೆಂಗಳೂರಿನಲ್ಲಿ ಆಗುತ್ತಾ ಅಂತ ಕೇಳುವವರಿಗೆ: ನೆಲದಲ್ಲಿ ಆಗುವುದಿಲ್ಲ. ಟುಲಿಪ್ ಗೆಡ್ಡೆಗೆ 12ರಿಂದ 16 ವಾರ, ಹೆಚ್ಚು ಕಡಿಮೆ 9 ಡಿಗ್ರಿಗಿಂತ ಕೆಳಗಿನ ತಂಪು ಬೇಕು, ನಮ್ಮ ಬಯಲುಸೀಮೆಯ ಚಳಿ ಅದಕ್ಕೆ ಸಾಲದು. ಫ್ರಿಜ್ಜಿನಲ್ಲಿ ಕಾಗದದ ಚೀಲದಲ್ಲಿ ಅಷ್ಟು ವಾರ ಇಟ್ಟು, ಡಿಸೆಂಬರ್ ಕೊನೆಗೆ ಕುಂಡದಲ್ಲಿ ಹಾಕಿ ಒಂದು ಸಲ ಹೂವು ನೋಡಬಹುದು. ಸೇಬು, ಬಾಳೆಹಣ್ಣಿನ ಜೊತೆ ಮಾತ್ರ ಇಡಬೇಡಿ, ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೊಲ್ಲುತ್ತದೆ. ಎರಡನೇ ವರ್ಷದ ಆಸೆ ಬಿಟ್ಟುಬಿಡಿ.

ಕೊಳ್ಳುವಾಗ

ಗೆಡ್ಡೆ ಗಟ್ಟಿಯಾಗಿರಬೇಕು, ಒತ್ತಿದರೆ ಮೆತ್ತಗೆ ಅನ್ನಿಸಬಾರದು, ನೀಲಿ ಬೂಷ್ಟು ಜಾಸ್ತಿ ಇರಬಾರದು. ಹೊರಗಿನ ಕಂದು ಸಿಪ್ಪೆ ಸ್ವಲ್ಪ ಬಿರುಕು ಬಿಟ್ಟಿದ್ದರೆ ತೊಂದರೆ ಇಲ್ಲ. ನರ್ಸರಿಯಲ್ಲೇ ಬೆಳೆಸಿದ್ದು ಅಂತ ಹೇಳುವವರ ಹತ್ತಿರ ಮಾತ್ರ ಕೊಳ್ಳಿ. ಬೆಟ್ಟದಿಂದ ಅಗೆದು ತಂದ ಗೆಡ್ಡೆ ಕೊಳ್ಳುವುದು ಅಂದರೆ ಅಲ್ಲಿಯ ಗುಂಪನ್ನು ಖಾಲಿ ಮಾಡಿದಂತೆ, ನನಗೆ ಇದರಲ್ಲಿ ರಾಜಿ ಇಲ್ಲ. ಟರ್ಕಿಯ ಅಮಾಸ್ಯಾ ಸೀಮೆಯ ಟುಲಿಪಾ ಸ್ಪ್ರೆಂಗೆರಿ ಕಾಡಿನಲ್ಲಿ ಉಳಿದಿಲ್ಲ ಅಂತಲೇ ನಂಬಲಾಗಿದೆ. ಇವತ್ತು ಅದು ಬದುಕಿರುವುದು ತೋಟಗಳಲ್ಲಿ.

ಗೆಡ್ಡೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಟುಲಿಪ್ ರಸ ತಾಗಿ ತಾಗಿ ಬೆರಳ ತುದಿ ಕೆಂಪಾಗಿ ಬಿರಿಯುವ ಕಾಯಿಲೆ ಹೂವಿನ ಕೆಲಸಗಾರರಲ್ಲಿ ಇದೆ. ನಾಯಿ, ಬೆಕ್ಕು ಇರುವ ಮನೆಯಲ್ಲಿ ಗೆಡ್ಡೆ ಕೈಗೆಟುಕುವಂತೆ ಬಿಡಬೇಡಿ, ಅವಕ್ಕೆ ಅದು ವಿಷ.

ನೆಡುವುದು

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡ ತುಂಬಾ ಒಳ್ಳೆಯದು, ಮಾಡಿನ ಅಂಚು ಮಳೆಯನ್ನು ಸ್ವಲ್ಪ ತಡೆಯುತ್ತದೆ, ಗೋಡೆ ಬೇಸಿಗೆಯಲ್ಲಿ ಕಾಯುತ್ತದೆ. ಇಳಿಜಾರಿದ್ದರೆ ಇನ್ನೂ ಒಳ್ಳೆಯದು. ಮಣ್ಣು ಸುಣ್ಣದ ಕಡೆ ಸ್ವಲ್ಪ ವಾಲಿದ್ದರೆ ಇವಕ್ಕೆ ಖುಷಿ, ಹುಳಿ ಮಣ್ಣು ಆಗಿಬರುವುದಿಲ್ಲ.

ಜೇಡಿಮಣ್ಣಿನಲ್ಲಿ ಗುಂಡಿ ತೋಡಿ ತಳಕ್ಕೆ ಒಂದು ಹಿಡಿ ಮರಳು ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಕಾಗುವುದಿಲ್ಲ. ಸುತ್ತಲೂ ಜೇಡಿ ಇರುವಾಗ ಆ ಗುಂಡಿಗೇ ನೀರು ಬಂದು ನಿಲ್ಲುತ್ತದೆ. ಅದರ ಬದಲು ನೆಲದ ಮೇಲೆ 20–25 ಸೆಂ.ಮೀ. ಎತ್ತರದ ಪಾತಿ ಕಟ್ಟಿ, ಮಣ್ಣಿಗೆ ಮೂರನೇ ಒಂದು ಭಾಗ ಸಣ್ಣ ಜಲ್ಲಿ ಬೆರೆಸಿ. ಕಟ್ಟಡ ಕೆಲಸದ ನುಣ್ಣನೆಯ ಮರಳು ಬೇಡ, ಅದು ಜೇಡಿಯ ಜೊತೆ ಸೇರಿ ಗಟ್ಟಿಯಾಗುತ್ತದೆ. ಕುಂಡವಾದರೆ ಮಣ್ಣಿನ ಅಂಶ ಇರುವ ಮಿಶ್ರಣ ಎರಡು ಪಾಲು, ಜಲ್ಲಿ ಒಂದು ಪಾಲು. ಹಸಿ ಸಗಣಿ ಗೊಬ್ಬರ ಹತ್ತಿರ ತರಬೇಡಿ.

ಆಳ ಗೆಡ್ಡೆಯ ಎತ್ತರದ ಮೂರು ಪಟ್ಟಾದರೂ ಇರಲಿ. ಸಣ್ಣ ಜಾತಿಗಳಿಗೆ 10–12 ಸೆಂ.ಮೀ., ಕ್ಲೂಸಿಯಾನಾದಂಥವಕ್ಕೆ 15. ಗೆಡ್ಡೆಯಿಂದ ಗೆಡ್ಡೆಗೆ ನಾಲ್ಕು ಬೆರಳು ಅಂತರ ಸಾಕು. ಚೂಪು ತುದಿ ಮೇಲೆ. ಒಂದೊಂದೇ ಅಲ್ಲಲ್ಲಿ ನೆಟ್ಟರೆ ಕಣ್ಣಿಗೇ ಬೀಳುವುದಿಲ್ಲ, ಹತ್ತು ಹದಿನೈದು ಒಟ್ಟಿಗೆ ಇಡಿ.

ನವೆಂಬರ್ ಯಾಕೆ ಅಂದರೆ ನೆಲ ತಣ್ಣಗಾದ ಮೇಲೆ ಬೋಟ್ರೈಟಿಸ್ ಟುಲಿಪೇ ಅನ್ನುವ ಬೂಷ್ಟಿನ ಕಾಟ ಕಡಿಮೆ. ಎಲೆ ಸುರುಟಿ, ಕಂದು ಚುಕ್ಕೆ ಬಂದು, ಸುಟ್ಟ ಹಾಗೆ ಆಗುವುದು ಅದರ ಲಕ್ಷಣ. ಕಂಡ ಕೂಡಲೇ ಗೆಡ್ಡೆ ಸಮೇತ ಕಿತ್ತು ಮನೆಯ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಆ ಜಾಗದಲ್ಲಿ ಮೂರು ವರ್ಷ ಟುಲಿಪ್ ನೆಡಬೇಡಿ. ಕೆನಡಾದ ಒಳನಾಡಿನಂಥ ಕಡೆ ನವೆಂಬರಿಗೆ ನೆಲ ಹೆಪ್ಪುಗಟ್ಟಿರುತ್ತದೆ, ಅಲ್ಲಿಯವರು ಅಕ್ಟೋಬರಿನಲ್ಲೇ ಮುಗಿಸಿ.

ಅಳಿಲು, ಇಲಿ ಕಾಟ ಇದ್ದರೆ ನೆಟ್ಟ ಮೇಲೆ ಕೋಳಿ ಗೂಡಿನ ತಂತಿ ಬಲೆ ಹಾಸಿ ಮೇಲೆ ಮಣ್ಣು ಎಳೆಯಿರಿ. ಚಿಗುರು ಬಲೆಯ ಕಣ್ಣಿನಿಂದ ತಾನೇ ದಾರಿ ಮಾಡಿಕೊಳ್ಳುತ್ತದೆ.

ಎಲೆ ಬಂದ ಮೇಲೆ

ಟುಲಿಪ್ ಗೆಡ್ಡೆ ಪ್ರತಿ ವರ್ಷ ಪೂರ್ತಿ ಕರಗಿಹೋಗುತ್ತದೆ, ಅದರ ಜಾಗದಲ್ಲಿ ಹೊಸದು ಕಟ್ಟಿಕೊಳ್ಳುತ್ತದೆ. ನೀವು ನೆಟ್ಟ ಗೆಡ್ಡೆ ಮುಂದಿನ ವರ್ಷ ಅಲ್ಲಿ ಇರುವುದಿಲ್ಲ, ಇರುವುದು ಅದರ ಮಗಳು. ಆ ಹೊಸ ಗೆಡ್ಡೆಗೆ ಊಟ ಬರುವುದು ಈ ವರ್ಷದ ಎಲೆಯಿಂದ. ಹಾಗಾಗಿ ಎಲೆ ಹಳದಿಯಾಗಿ ತಾನೇ ಒಣಗುವವರೆಗೆ ಕತ್ತರಿಸಬೇಡಿ, ನೋಡಲು ಅಸಹ್ಯ ಅಂತ ಗಂಟು ಕಟ್ಟಲೂ ಬೇಡಿ. ಎಲೆ ಹಸಿರಾಗಿರುವಷ್ಟು ದಿನ ನೆಲ ಒಣಗಿದರೆ ನೀರು ಕೊಡಿ, ಟೊಮೆಟೊಗೆ ಹಾಕುವ ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರವನ್ನು ತೆಳುವಾಗಿ ಎರಡು ಮೂರು ಸಲ ಹಾಕಿ. ಎಲೆ ಒಣಗಿತೋ, ನೀರು ಬಂದ್.

ಫೆಬ್ರವರಿ–ಮಾರ್ಚ್‌ನಲ್ಲಿ ಚಿಗುರು ಬಂದಾಗ ಬಗ್ಗಿ ನೋಡಿ. ಒಂದು ಗೆಡ್ಡೆಯಿಂದ ಒಂದೇ ಅಗಲ ಎಲೆ ಬಂದರೆ ಅದರಲ್ಲಿ ಈ ವರ್ಷ ಹೂವಿಲ್ಲ. ಎರಡು ಅಥವಾ ಹೆಚ್ಚು ಎಲೆ ಸುತ್ತಿಕೊಂಡು ಬಂದರೆ ನಡುವೆ ಮೊಗ್ಗಿದೆ ಅಂತ ಲೆಕ್ಕ. ಹೂವು ಬರುವ ಎಷ್ಟೋ ದಿನ ಮೊದಲೇ ಈ ವರ್ಷದ ಕತೆ ಗೊತ್ತಾಗಿಬಿಡುತ್ತದೆ.

ಕ್ಲೂಸಿಯಾನಾ, ಸ್ಯಾಕ್ಸಾಟಿಲಿಸ್, ಸಿಲ್ವೆಸ್ಟ್ರಿಸ್ ಈ ಮೂರು ಜಾತಿಗಳೂ ನೆಲದೊಳಗೆ ಬಳ್ಳಿ ಬಿಟ್ಟು ಹರಡುತ್ತವೆ. ಎಲೆ ರಾಶಿ, ಹೂವು ನಾಕೇ ನಾಕು ಅನ್ನುವ ದೂರು ಬರುವುದು ಸಾಮಾನ್ಯವಾಗಿ ಇವುಗಳಿಂದಲೇ. ಗೆಡ್ಡೆ ಬೇಸಿಗೆಯಲ್ಲಿ ಸಾಕಷ್ಟು ಕಾದಿರುವುದಿಲ್ಲ, ಇಲ್ಲವೇ ಶಕ್ತಿಯೆಲ್ಲ ಹರಡುವುದಕ್ಕೇ ಹೋಗಿರುತ್ತದೆ. ಗೆಡ್ಡೆಯ ಕೆಳಗೆ ಒಂದು ಚಪ್ಪಡಿ ಕಲ್ಲು ಅಥವಾ ಹಂಚು ಇಟ್ಟು ನೆಡಿ, ಅಥವಾ ಗೋಡೆಯ ಬುಡದ ಕಿರಿದಾದ ಪಟ್ಟಿಯಲ್ಲಿ ಕೂಡಿಹಾಕಿ.

ಈಗ ಗುರುತು ಹಿಡಿಯುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಿಸುವ ಭೂತಗನ್ನಡಿ ಒಂದು ಕೊಂಡುಕೊಳ್ಳಿ. ಬಿಸಿಲಿರುವ ಮಧ್ಯಾಹ್ನ ಹೋಗಿ, ಮೋಡ ಇದ್ದರೆ ಹೂವು ಬಾಯೇ ಬಿಡುವುದಿಲ್ಲ. ಒಂದು ಹೂವು ಕಿತ್ತು ಬಿಳಿ ಕಾಗದದ ಮೇಲಿಡಿ. ಒಂದೇ ಒಂದು ಕಿತ್ತರೆ ಗಿಡಕ್ಕೇನೂ ಆಗುವುದಿಲ್ಲ, ಎಲೆ ಮಾತ್ರ ಬಿಡಿ.

ಮೂರು ದಳ ಮೆಲ್ಲಗೆ ಕೆಳಕ್ಕೆ ಎಳೆದು ತೆಗೆಯಿರಿ. ಒಳಗೆ ಆರು ಕೇಸರಗಳು ಕಾಣುತ್ತವೆ. ಮೇಲೆ ಪರಾಗ ತುಂಬಿದ ಉದ್ದನೆಯ ಚೀಲ, ಕೆಳಗೆ ಅದನ್ನು ಹೊತ್ತ ಕಡ್ಡಿ. ಕನ್ನಡಿ ಹಿಡಿದು ಆ ಕಡ್ಡಿಯ ಬುಡ ನೋಡಿ. ಅಲ್ಲಿ ಸಣ್ಣ ಸಣ್ಣ ಕೂದಲು ಗುಂಪಾಗಿ ನಿಂತಿದೆಯಾ, ಅಥವಾ ಬೋಳಾಗಿದೆಯಾ? ಇಷ್ಟೇ ಪ್ರಶ್ನೆ. ಕೂದಲಿದ್ದರೆ ಅದು ಎರಿಯೊಸ್ಟೆಮೊನೆಸ್ ಅನ್ನುವ ಗುಂಪು: ಟಾರ್ಡಾ, ಟರ್ಕೆಸ್ಟಾನಿಕಾ, ಬೈಫ್ಲೋರಾ, ಸಿಲ್ವೆಸ್ಟ್ರಿಸ್, ಹ್ಯುಮಿಲಿಸ್, ಸ್ಯಾಕ್ಸಾಟಿಲಿಸ್ ಎಲ್ಲ ಇದರಲ್ಲಿ. ಬೋಳಾಗಿದ್ದರೆ ಕ್ಲೂಸಿಯಾನಾ, ಲಿನಿಫೋಲಿಯಾ, ಕೌಫ್ಮಾನಿಯಾನಾ, ಗ್ರೈಗೀ ಇವುಗಳ ಕಡೆ ಹೋಗಿ. ಹತ್ತು ಸೆಕೆಂಡಿನ ಈ ಒಂದು ನೋಟದಿಂದ ಪಟ್ಟಿ ಎಷ್ಟೋ ಚಿಕ್ಕದಾಗುತ್ತದೆ, ಬಣ್ಣದಿಂದ ಶುರು ಮಾಡಿದ್ದರೆ ಇನ್ನೂ ಸುತ್ತುತ್ತಲೇ ಇರುತ್ತಿದ್ದಿರಿ.

ಆಮೇಲೆ ಹೂವಿನ ತೊಟ್ಟು. ಬಿಳಿ ಹೂವು, ಹಳದಿ ನಡು ಇರುವ ಎರಡು ಜಾತಿಗಳನ್ನು ಜನ ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಾರೆ, ಟರ್ಕೆಸ್ಟಾನಿಕಾ ಮತ್ತು ಬೈಫ್ಲೋರಾ. ತೊಟ್ಟನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಸಣ್ಣ ರೋಮ ಮಿನುಗಿದರೆ ಟರ್ಕೆಸ್ಟಾನಿಕಾ, ನುಣ್ಣಗಿದ್ದರೆ ಬೈಫ್ಲೋರಾ. ಟರ್ಕೆಸ್ಟಾನಿಕಾದ ಒಂದೇ ಕಾಂಡದಲ್ಲಿ ಹನ್ನೆರಡು ಹೂವಿನವರೆಗೂ ಬರಬಹುದು, ಬೈಫ್ಲೋರಾದಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು. ಟರ್ಕೆಸ್ಟಾನಿಕಾದ ವಾಸನೆ ಅಷ್ಟೇನೂ ಹಿತವಲ್ಲ, ಮೂಗು ಹತ್ತಿರ ತಂದರೆ ಗೊತ್ತಾಗುತ್ತದೆ.

ಹಳದಿಯಲ್ಲಿ ಮೂರು ಸುಲಭವಾಗಿ ಬೇರೆ ಮಾಡಬಹುದು. ನೆಲಕ್ಕೆ ಅಂಟಿದ ಹೊಳೆಯುವ ಹಸಿರೆಲೆ, 10–15 ಸೆಂ.ಮೀ. ಎತ್ತರ, ಒಂದು ಕಾಂಡಕ್ಕೆ ನಾಲ್ಕೈದು ಹೂವು, ಹಳದಿ ದಳಕ್ಕೆ ಬಿಳಿ ತುದಿ ಇದ್ದರೆ ಟಾರ್ಡಾ. ಮೊಗ್ಗು ತಲೆ ತಗ್ಗಿಸಿ ಬಾಗಿ, ಅರಳುವಾಗ ನೆಟ್ಟಗಾಗಿ, ಸಿಹಿ ಪರಿಮಳ ಇದ್ದರೆ ಸಿಲ್ವೆಸ್ಟ್ರಿಸ್. ಇದು ಅರೆ ನೆರಳಿನಲ್ಲೂ ಬದುಕುವ ಅಪರೂಪದ ಟುಲಿಪ್, ಯೂರೋಪಿನ ಹಳೇ ತೋಟ, ದ್ರಾಕ್ಷಿ ತೋಟಗಳಲ್ಲಿ ತಾನೇ ನೆಲೆಯೂರಿದೆ. ಎಲೆ ಕಿರಿದಾಗಿ ಬೂದು ಹಸಿರು, ಹೊರಗಿನ ಮೂರು ದಳಗಳ ಬೆನ್ನು ಕೆಂಪು, ಕೇಸರದ ಬುಡ ಬೋಳು ಅಂದರೆ ಕ್ಲೂಸಿಯಾನಾದ ಹಳದಿ ರೂಪ ಕ್ರೈಸಾಂಥಾ. ಡಾಸಿಸ್ಟೆಮೊನ್ ಅನ್ನುವ ಹೆಸರಿನಲ್ಲಿ ಮಾರುವುದು ಬಹಳ ಸಲ ಟಾರ್ಡಾನೇ. ಉರುಮಿಯೆನ್ಸಿಸ್ ಅಂತ ಬರುವುದಕ್ಕೆ ಬಿಳಿ ತುದಿ ಇರುವುದಿಲ್ಲ, ಪೂರ್ತಿ ಹಳದಿ. ಕೆಲವು ಸಸ್ಯಶಾಸ್ತ್ರಜ್ಞರು ಟಾರ್ಡಾವನ್ನೂ ಇದನ್ನೂ ಒಂದೇ ಜಾತಿಯಾಗಿ ಸೇರಿಸುತ್ತಾರೆ, ಹಾಗಾಗಿ ಒಂದೇ ಗಿಡಕ್ಕೆ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ.

ಕೆಂಪಿನಲ್ಲಿ ಎಲೆ ನೋಡಿ. ಎಲೆಯ ಮೇಲೆ ನೇರಳೆ ಗೆರೆ, ಚುಕ್ಕೆ ಇದ್ದರೆ ಗ್ರೈಗೀ ಅಥವಾ ಅದರ ರಕ್ತ ಇರುವ ತಳಿ. ಎಲೆ ಹುಲ್ಲಿನಷ್ಟು ಸಪೂರ, ಅಂಚು ಅಲೆ ಅಲೆಯಾಗಿ, ಆ ಅಂಚಿಗೆ ಕೂದಲೆಳೆಯಷ್ಟು ಕೆಂಪು ಗೆರೆ ಇದ್ದರೆ ಲಿನಿಫೋಲಿಯಾ. ಅದರ ಹೂವು ಬಿಸಿಲಿಗೆ ಪೂರ್ತಿ ಬಿಚ್ಚಿಕೊಂಡಾಗ ಒಳಗೆ ಕಪ್ಪು ಕಲೆ ಹೊಳೆಯುತ್ತದೆ, ಇಡೀ ಹಿತ್ತಲಿನಲ್ಲಿ ಅಂಥ ಕೆಂಪು ಇನ್ನೊಂದಿಲ್ಲ. ಬಟಾಲಿನೀ ಅಂತ ಮಾರುವ ತಿಳಿ ಹಳದಿ ಟುಲಿಪ್ ಕೂಡ ಈಗ ಲಿನಿಫೋಲಿಯಾದ ಒಂದು ರೂಪ ಅಂತಲೇ ಎಣಿಕೆ. ಎಲೆ ಅಗಲ, ಒಂದು ಕಾಂಡಕ್ಕೆ ಎರಡು ಮೂರು ಕಿತ್ತಳೆ ಕೆಂಪು ಹೂವು, ಒಳಗೆ ಕಪ್ಪು ಕಲೆ ಇಲ್ಲ ಅಂದರೆ ಪ್ರೆಸ್ಟಾನ್ಸ್.

ಗುಲಾಬಿ ನೇರಳೆ, ಹಳದಿ ನಡು ಇದ್ದರೆ ಸ್ಯಾಕ್ಸಾಟಿಲಿಸ್ ಮತ್ತು ಹ್ಯುಮಿಲಿಸ್ ನಡುವೆ ಅನುಮಾನ ಬರಬಹುದು. ಸ್ಯಾಕ್ಸಾಟಿಲಿಸ್ ಕ್ರೀಟ್ ದ್ವೀಪದ್ದು, ಎಲೆ ಅಗಲ, ಹೊಳಪಿನ ಹಸಿರು, ಚಳಿಗಾಲದಲ್ಲೇ ಮೇಲೆ ಬಂದುಬಿಡುತ್ತದೆ. ಹ್ಯುಮಿಲಿಸ್ ಟರ್ಕಿ, ಇರಾನ್ ಕಡೆಯದು, ಕುಳ್ಳು, ಎಲೆ ಕಿರಿದು.

ಕ್ಲೂಸಿಯಾನಾದ ಮೂಲ ರೂಪವನ್ನು ಎರಡು ಹೊತ್ತಿನಲ್ಲಿ ನೋಡಬೇಕು. ಬೆಳಿಗ್ಗೆ ಮುಚ್ಚಿದಾಗ ಕೆಂಪು, ಬಿಳಿ ಪಟ್ಟೆಯ ಸಪೂರ ಮೊಗ್ಗು. ಮಧ್ಯಾಹ್ನ ಬಿಚ್ಚಿದಾಗ ಹಾಲು ಬಿಳಿ ನಕ್ಷತ್ರ, ನಡುವೆ ಕಡು ನೇರಳೆ. ಫೋಟೊ ತೆಗೆದರೆ ಎರಡನ್ನೂ ತೆಗೆಯಿರಿ, ಒಂದನ್ನೇ ನೋಡಿದವರು ಇದು ಬೇರೆ ಗಿಡ ಅಂತಾರೆ. ಈ ಹೆಸರು ಬಂದದ್ದು ಕರೋಲಸ್ ಕ್ಲೂಸಿಯಸ್‌ನಿಂದ, 1593ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ಗೆ ಬಂದು ಅಲ್ಲಿಯ ವಿಶ್ವವಿದ್ಯಾಲಯದ ತೋಟದಲ್ಲಿ ಟುಲಿಪ್ ಬೆಳೆಸಿದವನು.

ಕೊನೆಯ ಗುರುತು ಗೆಡ್ಡೆಯ ಸಿಪ್ಪೆಯಲ್ಲಿದೆ, ಇದನ್ನು ನೆಡುವ ಮೊದಲೇ ನೋಡಿಬಿಡಿ. ಈರುಳ್ಳಿಯಂತೆ ಒಣ ಸಿಪ್ಪೆಯ ಒಂದು ಚೂರು ಬಿಡಿಸಿ ಒಳಮೈ ನೋಡಿದರೆ ಕೆಲವು ಜಾತಿಗಳಲ್ಲಿ ಕೂದಲಿರುತ್ತದೆ. ಕ್ಲೂಸಿಯಾನಾ, ಲಿನಿಫೋಲಿಯಾದಲ್ಲಿ ಗೆಡ್ಡೆಯ ತುದಿಯಿಂದ ಉಣ್ಣೆಯ ಕುಚ್ಚು ಹೊರಗೇ ಇಣುಕುತ್ತದೆ. ಅಕ್ಯುಮಿನಾಟಾ ಅಂತ ಉದ್ದ ಚೂಪು ದಳದ್ದೊಂದನ್ನು ಕಾಡು ಜಾತಿಗಳ ಪಟ್ಟಿಯಲ್ಲಿ ಮಾರುತ್ತಾರೆ, ಚೆನ್ನಾಗಿದೆ, ಆದರೆ ಕಾಡಿನಲ್ಲಿ ಅದು ಎಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಹೆಸರು ಸರಿಯಾಗಿ ಬರೆದಿಟ್ಟ ಗಿಡದ ಪಕ್ಕದಲ್ಲಿ ಹೋಲಿಸಿ ನೋಡಬೇಕು. ಬ್ರಿಟನ್ನಿನಲ್ಲಿರುವವರಿಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಸ್ಯೋದ್ಯಾನ ಒಳ್ಳೆಯ ಜಾಗ, ಕಾಡು ಟುಲಿಪ್‌ಗಳ ರಾಷ್ಟ್ರೀಯ ಸಂಗ್ರಹ ಅಲ್ಲಿದೆ, ಏಪ್ರಿಲ್‌ನಲ್ಲಿ ಹೋಗಿ.

ಬೀಜದಿಂದ

ತಾಳ್ಮೆ ಇದ್ದವರಿಗೆ ಸ್ಪ್ರೆಂಗೆರಿ. ಎಲ್ಲ ಟುಲಿಪ್ ಮುಗಿದ ಮೇಲೆ, ಮೇ ಕೊನೆ ಜೂನ್ ಮೊದಲಿಗೆ, ಇಟ್ಟಿಗೆ ಕೆಂಪಿನ ಹೂವು ಬಿಡುತ್ತದೆ. ಆ ಹೊತ್ತಿಗೆ ಬೇರೆ ಟುಲಿಪ್ ಅರಳಿರುವುದಿಲ್ಲ, ಬೆರಕೆಯಾಗುವ ಭಯವಿಲ್ಲ, ಬೀಜದಿಂದ ಬಂದದ್ದು ಸ್ಪ್ರೆಂಗೆರಿಯೇ ಆಗಿರುತ್ತದೆ. ಬೇರೆ ಜಾತಿಗಳ ಬೀಜ ಕಟ್ಟಿಕೊಂಡರೆ ಆ ಭರವಸೆ ಇರುವುದಿಲ್ಲ, ಹತ್ತಿರದ ಜಾತಿಗಳು ಕೂಡಿಕೊಳ್ಳಬಹುದು, ಅದನ್ನು ಲೇಬಲ್ಲಿನಲ್ಲಿ ಬರೆದಿಡಿ.

ಕಾಯಿ ಕಂದಾಗಿ ತುದಿ ಬಿರಿದಾಗ ಬೀಜ ತೆಗೆದು, ಅದೇ ವರ್ಷ ಅಕ್ಟೋಬರಿನೊಳಗೆ ಜಲ್ಲಿ ಬೆರೆಸಿದ ಮಣ್ಣಿನ ಆಳದ ಕುಂಡದಲ್ಲಿ ಹಾಕಿ, ಮೇಲೆ ತೆಳುವಾಗಿ ಜಲ್ಲಿ ಮುಚ್ಚಿ ಹೊರಗೆ ಚಳಿಯಲ್ಲಿ ಬಿಡಿ. ಮನೆಯೊಳಗೆ ಬೆಚ್ಚಗಿಟ್ಟರೆ ಮೊಳೆಯುವುದಿಲ್ಲ. ಮಾರ್ಚ್ ಸುಮಾರಿಗೆ ದಾರದಷ್ಟು ತೆಳ್ಳಗಿನ ಒಂದೇ ಎಲೆ ಬರುತ್ತದೆ, ಹುಲ್ಲು ಅಂದುಕೊಂಡು ಕೀಳಬೇಡಿ. ಎಳೆಯ ಗೆಡ್ಡೆ ವರ್ಷ ವರ್ಷ ತನ್ನನ್ನು ತಾನೇ ಇನ್ನಷ್ಟು ಆಳಕ್ಕೆ ಎಳೆದುಕೊಳ್ಳುತ್ತದೆ, ಅದಕ್ಕೇ ಕುಂಡ ಆಳ ಇರಬೇಕು ಅಂದದ್ದು. ಎರಡು ವರ್ಷ ಕುಂಡ ಕದಲಿಸಬೇಡಿ, ಮೂರನೇ ಬೇಸಿಗೆಯಲ್ಲಿ ಎಲೆ ಒಣಗಿದ ಮೇಲೆ ಇಡೀ ಮಣ್ಣಿನ ಹೆಂಟೆಯನ್ನೇ ಎತ್ತಿ ನೆಲದಲ್ಲಿ ಕೂರಿಸಿ. ಮೊದಲ ಹೂವಿಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಸ್ಪ್ರೆಂಗೆರಿ ಅರೆ ನೆರಳನ್ನೂ ಸ್ವಲ್ಪ ತೇವವನ್ನೂ ತಡೆಯುತ್ತದೆ, ಹಾಗಾಗಿ ಬೇರೆ ಟುಲಿಪ್ ಸೋತ ಮೂಲೆಗೆ ಇದನ್ನು ಹಾಕಿ, ಒಗ್ಗಿದ ಮೇಲೆ ಬೀಜ ತಾನೇ ಉದುರಿ ಸುತ್ತ ಹುಟ್ಟಿಕೊಳ್ಳುತ್ತದೆ.